ಫೇಗತೊ ಪದದೊಳಗೊಂದು ಅಂಜೂರ

ಇಟಾಲಿಯನ್ನರು ಪಿತ್ತಜನಕಾಂಗಕ್ಕೆ ಫೇಗತೊ ಅಂತಾರೆ. ಮಾಂಸದ ಅಂಗಡಿಯಲ್ಲಿ ಅದೇ ಪದ. ಡಾಕ್ಟರ್ ಮುಂದೆ ಹೊಟ್ಟೆಯ ಬಲಭಾಗ ತೋರಿಸಿ ನೋವು ಹೇಳಿಕೊಳ್ಳುವಾಗಲೂ ಅದೇ ಪದ. ಯಾರಾದರೂ ಎದೆಗಾರಿಕೆಯ ಕೆಲಸ ಮಾಡಿದರೆ 'ಕೆ ಫೇಗತೊ!' ಅಂತ ಮೆಚ್ಚಿಕೊಳ್ಳುವುದೂ ಇದೇ ಪದದಿಂದ. ಆದರೆ ಪದವನ್ನು ಬಿಡಿಸಿ ನೋಡಿದರೆ ಪಿತ್ತಜನಕಾಂಗ ಅದರೊಳಗೆ ಎಲ್ಲೂ ಸಿಗುವುದಿಲ್ಲ. ಸಿಗೋದು ಒಂದು ಅಂಜೂರದ ಹಣ್ಣು.

ಪದಗಳ ಹುಟ್ಟು ಹುಡುಕುತ್ತಾ ಕೂರೋದು ನನಗೆ ಮೊದಲಿಂದಲೂ ಇಷ್ಟ. ಇಟಾಲಿಯನ್ ಕಲಿಯಲು ಶುರು ಮಾಡಿದ ಮೇಲೆ ಅದು ಇನ್ನೂ ಜಾಸ್ತಿಯಾಯಿತು, ಯಾಕೆಂದರೆ ಆ ಭಾಷೆಯಲ್ಲಿ ಯಾವ ಪದ ಹಿಡಿದು ಎಳೆದರೂ ಎರಡು ಸಾವಿರ ವರ್ಷದ ಬೇರು ಕೈಗೆ ಬರುತ್ತದೆ. ಫೇಗತೊ ಅದರಲ್ಲಿ ನನಗೆ ತುಂಬಾ ಹಿಡಿಸಿದ ಪದ. ದೇವಸ್ಥಾನದಲ್ಲಿ ಮೆರೆಯುತ್ತಿದ್ದ ಒಂದು ಪದವನ್ನು ಅಡುಗೆಮನೆಯ ಪದವೊಂದು ಹೇಗೆ ಪೂರ್ತಿ ಅಳಿಸಿಹಾಕಿತು ಅನ್ನುವ ಕಥೆ ಇದರಲ್ಲಿದೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹಳೆಯ ಲ್ಯಾಟಿನ್‌ನಲ್ಲಿ ಪಿತ್ತಜನಕಾಂಗಕ್ಕೆ ಇದ್ದ ಪದ ಯೆಕುರ್. ರೋಮ್‌ನ ಬರಹಗಾರರಾದ ಸಿಸೆರೊ, ಲಿವಿ, ಹೊರೇಸ್ ಎಲ್ಲರೂ ಬಳಸಿದ್ದು ಇದನ್ನೇ. ಬಹಳ ಹಳೆಯ ಪದ, ರೋಮ್ ಅನ್ನೋ ಊರು ಹುಟ್ಟುವುದಕ್ಕಿಂತ ಎಷ್ಟೋ ಹಿಂದಿನದು. ಇದರ ಒಡಹುಟ್ಟು ನಮಗೂ ಗೊತ್ತು: ಸಂಸ್ಕೃತದ ಯಕೃತ್. ಹೈಸ್ಕೂಲ್ ವಿಜ್ಞಾನದ ಪುಸ್ತಕದಲ್ಲಿ 'ಯಕೃತ್ತು' ಅಂತ ಓದಿದ್ದೇವಲ್ವಾ, ಅದೇ. ಗ್ರೀಕ್ ಭಾಷೆಯ ಹೇಪರ್ ಕೂಡ ಇದೇ ಬಳ್ಳಿಯದು, ಆಸ್ಪತ್ರೆಗಳಲ್ಲಿ ಕೇಳುವ ಹೆಪಟೈಟಿಸ್ ಬಂದದ್ದು ಅಲ್ಲಿಂದ. ಪರ್ಷಿಯನ್‌ನ ಜಿಗರ್ ಕೂಡ ಇದೇ ಮನೆತನ. ಹಾಗಾಗಿ ನಾವು ಗೆಳೆಯನ ಹೆಗಲ ಮೇಲೆ ಕೈಹಾಕಿ 'ಇವನು ನನ್ನ ಜಿಗ್ರಿ ದೋಸ್ತ್' ಅಂದಾಗ ಬಾಯಲ್ಲಿರೋದು ಸಿಸೆರೊ ಬಳಸುತ್ತಿದ್ದ ಪದದ ಸೋದರಸಂಬಂಧಿ.

ಸದ್ದು ಹೋಲುತ್ತದೆ ಅನ್ನೋದು ಒಂದೇ ಆಗಿದ್ದರೆ ಇದನ್ನು ನಂಬೋದು ಕಷ್ಟ. ಸದ್ದು ಹೋಲುವ ಪದಗಳು ಲೋಕದಲ್ಲಿ ಬೇಕಾದಷ್ಟಿವೆ. ಆದರೆ ಇಲ್ಲಿ ಇನ್ನೊಂದು ಗುರುತು ಇದೆ. ಲ್ಯಾಟಿನ್‌ನಲ್ಲಿ 'ಪಿತ್ತಜನಕಾಂಗದ' ಅನ್ನಬೇಕಾದರೆ ಯೆಕಿನೊರಿಸ್, ಯೊಕಿನೆರಿಸ್ ಅನ್ನುವ ರೂಪಗಳು ಬರುತ್ತವೆ. ಎಲ್ಲಿಂದಲೋ ಒಂದು 'ನ' ಬಂದು ನಡುವೆ ಕೂರುತ್ತದೆ. ಸಂಸ್ಕೃತದಲ್ಲೂ ಇದೇ ವಿಚಿತ್ರ. ಪ್ರಥಮೆಯಲ್ಲಿ ಯಕೃತ್, ಷಷ್ಠಿಯಲ್ಲಿ ಯಕ್ನಃ. 'ರ' ಹೋಗಿ 'ನ' ಬರುವ ಈ ಚಾಳಿ ಅಪ್ಪ ಅಮ್ಮನಿಂದ ಬಂದ ಮಚ್ಚೆ ಇದ್ದಹಾಗೆ, ಅದನ್ನು ಎರವಲು ತರೋಕಾಗಲ್ಲ. ಪಾಣಿನಿಯ ಕಣ್ಣಿಗೂ ಇದು ಬಿದ್ದಿತ್ತು. ಅಷ್ಟಾಧ್ಯಾಯಿಯ 6.1.63ನೇ ಸೂತ್ರದಲ್ಲಿ ಹೀಗೆ ರೂಪ ಬದಲಿಸುವ ಪದಗಳ ಒಂದು ಸಾಲೇ ಇದೆ, ಅದರಲ್ಲಿ 'ಯಕನ್' ಕೂಡ ಇದೆ. ಅದಕ್ಕಿಂತ ಹಿಂದೆ, ಋಗ್ವೇದದ ಹತ್ತನೇ ಮಂಡಲದ 163ನೇ ಸೂಕ್ತದಲ್ಲಿ, ರೋಗಿಯ ಕಣ್ಣು, ಮೂಗು, ಕರುಳು, ಹೃದಯ ಅಂತ ಒಂದೊಂದೇ ಅಂಗದ ಹೆಸರು ಹೇಳಿ ರೋಗವನ್ನು ಕಿತ್ತು ಹೊರಹಾಕುವ ಮಂತ್ರದಲ್ಲಿ 'ಯಕ್ನಃ' ಅನ್ನುವ ರೂಪವೇ ಬರುತ್ತದೆ. ಆ ಸೂಕ್ತ ಮತ್ತು ಲಿವಿಯ ರೋಮ್ ಇತಿಹಾಸ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಓದಿದ ದಿನ ನನಗೆ ಆದ ಖುಷಿ ದೊಡ್ಡದು.

ಲಿವಿ ಅಂದೆನಲ್ಲ, ಅವನಲ್ಲಿ ಈ ಪದ ಬರುವ ಒಂದು ಜಾಗ ಇದೆ. ಕ್ರಿ.ಪೂ. 340. ರೋಮನ್ನರು ಮತ್ತು ನೆರೆಯ ಲ್ಯಾಟಿನ್ ಊರಿನವರ ನಡುವೆ ಯುದ್ಧ. ಇಬ್ಬರು ಕಾನ್ಸಲ್‌ಗಳು ಸೈನ್ಯ ನಡೆಸುತ್ತಿದ್ದಾರೆ, ಮ್ಯಾನ್ಲಿಯಸ್ ಮತ್ತು ಡೆಸಿಯಸ್. ಯುದ್ಧಕ್ಕೆ ಇಳಿಯುವ ಮುಂಚೆ ಬಲಿ ಕೊಡಬೇಕು, ಬಲಿಯಾದ ಪ್ರಾಣಿಯ ಒಡಲು ತೆರೆದು ಶಕುನ ನೋಡಬೇಕು. ಹಾಗೆ ನೋಡುವವನಿಗೆ ಹರುಸ್ಪೆಕ್ಸ್ ಅಂತ ಹೆಸರು. ಅವನು ಡೆಸಿಯಸ್‌ಗೆ ತೋರಿಸಿದ್ದು ಏನು? ಪಿತ್ತಜನಕಾಂಗದ 'ತಲೆ' ಅಂತ ಕರೆಯುತ್ತಿದ್ದ ಉಬ್ಬು ಭಾಗ 'ನಮ್ಮವರ' ಪಾಲಿನ ಕಡೆ ಕತ್ತರಿಸಿದಂತೆ ಇದೆ ಅಂತ. ಯಾಕೆಂದರೆ ಆ ಅಂಗವನ್ನು ಅವರು ಎರಡು ಪಾಲು ಮಾಡಿ ನೋಡುತ್ತಿದ್ದರು, ಒಂದು ನಮ್ಮ ಪಾಲು, ಇನ್ನೊಂದು ಶತ್ರುವಿನ ಪಾಲು. ಮ್ಯಾನ್ಲಿಯಸ್‌ನ ಬಲಿಯಲ್ಲಿ ಎಲ್ಲ ಚೆನ್ನಾಗಿತ್ತು. ಡೆಸಿಯಸ್ ಹೇಳಿದ್ದು ಇಷ್ಟೇ, ಜೊತೆಗಾರನಿಗೆ ಒಳ್ಳೆಯ ಶಕುನ ಸಿಕ್ಕಿದೆ, ಅಷ್ಟು ಸಾಕು. ಯುದ್ಧದಲ್ಲಿ ತನ್ನ ಕಡೆಯ ಸಾಲು ಹಿಂದೆ ಸರಿಯತೊಡಗಿದಾಗ ತನ್ನನ್ನೇ ದೇವರಿಗೆ ಒಪ್ಪಿಸಿಕೊಂಡು ಶತ್ರುಗಳ ನಡುವೆ ಒಬ್ಬನೇ ನುಗ್ಗಿ ಸತ್ತ.

ಆ ಪುಟದಲ್ಲಿ ಲಿವಿ ಬರೆದ ರೂಪ 'ಯೊಕಿನೆರಿಸ್'.

ಈ ವಿದ್ಯೆ ರೋಮನ್ನರದ್ದೇ ಅಲ್ಲ, ಅವರ ಉತ್ತರಕ್ಕಿದ್ದ ಎಟ್ರಸ್ಕನ್ನರಿಂದ ಬಂದದ್ದು. ಅದಕ್ಕೂ ಹಿಂದೆ ಬ್ಯಾಬಿಲೋನ್‌ನಲ್ಲಿ ಇತ್ತು. ಅಲ್ಲಿನವರು ಮಣ್ಣಿನಲ್ಲಿ ಕುರಿಯ ಪಿತ್ತಜನಕಾಂಗದ ಮಾದರಿ ಮಾಡಿ, ಮೇಲೆ ಚೌಕ ಕೊರೆದು, ಒಂದೊಂದರಲ್ಲೂ ಶಕುನ ಬರೆದಿಟ್ಟಿದ್ದು ಇವತ್ತಿಗೂ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಆದರೆ ನನಗೆ ಜಾಸ್ತಿ ಹಿಡಿಸಿದ್ದು ಇಟಲಿಯ ಪಿಯಾಚೆಂಜಾ ಊರಿನದು. 1877ರಲ್ಲಿ ಆ ಊರಿನ ಹತ್ತಿರ ಗೊಸ್ಸೊಲೆಂಗೊ ಅನ್ನುವಲ್ಲಿ ಒಬ್ಬ ರೈತ ಹೊಲ ಉಳುತ್ತಿದ್ದಾಗ ಮಣ್ಣಿನಿಂದ ಒಂದು ಕಂಚಿನ ವಸ್ತು ಎದ್ದು ಬಂತು. ಅಂಗೈಗಿಂತ ಸ್ವಲ್ಪ ದೊಡ್ಡದು, ಉದ್ದ ಸುಮಾರು 12.6 ಸೆಂಟಿಮೀಟರ್. ಒಂದು ಕಡೆ ಚಪ್ಪಟೆ, ಅದರ ಮೇಲೆ ಮೂರು ಉಬ್ಬುಗಳು, ಅಂಚಿನ ಸುತ್ತ 16 ಮನೆಗಳು, ಒಳಗೆ ಇನ್ನಷ್ಟು ಮನೆಗಳು, ಪ್ರತಿ ಮನೆಯಲ್ಲೂ ಎಟ್ರಸ್ಕನ್ ಲಿಪಿಯಲ್ಲಿ ದೇವರ ಹೆಸರು: ತಿನ್, ಉನಿ, ನೆಥುನ್ಸ್, ಫುಫ್ಲುನ್ಸ್. ಕುರಿಯ ಪಿತ್ತಜನಕಾಂಗದ ಅಚ್ಚು ಅದು. ಎಟ್ರಸ್ಕನ್ನರು ಆಕಾಶವನ್ನು 16 ಭಾಗ ಮಾಡುತ್ತಿದ್ದರು ಅಂತ ಸಿಸೆರೊ ಬರೆದಿದ್ದಾನೆ. ಆ ಆಕಾಶವನ್ನೇ ಇಳಿಸಿ ಈ ಕಂಚಿನ ಅಂಚಿನಲ್ಲಿ ಕೂರಿಸಿದ್ದಾರೆ. ಈಗ ಅದು ಪಿಯಾಚೆಂಜಾದ ಪಲಾತ್ಸೊ ಫರ್ನೇಸೆ ಅರಮನೆಯ ಮ್ಯೂಸಿಯಂನಲ್ಲಿದೆ. ಅದರ ಫೋಟೋ ದೊಡ್ಡದು ಮಾಡಿ ನೋಡಿದರೆ ಅಕ್ಷರಗಳು ಸ್ವಲ್ಪ ವಾರೆವಾರೆಯಾಗಿ, ಮನೆಯ ಗೆರೆಗೆ ತಾಗಿಕೊಂಡು ಇರೋದು ಕಾಣುತ್ತದೆ. ಬರೆದವನಿಗೆ ಜಾಗ ಸಾಕಾಗಿರಲಿಲ್ಲ.

ಯೆಕುರ್ ಅನ್ನುವ ಪದಕ್ಕೆ ರೋಮ್‌ನಲ್ಲಿ ಎಂಥ ಮರ್ಯಾದೆ ಇತ್ತು ಅಂತ ಹೇಳೋಕೆ ಇಷ್ಟೆಲ್ಲ ಹೇಳಿದೆ. ದೇವರ ಮನಸ್ಸು ಓದುವ ಜಾಗ ಅದು. ಯುದ್ಧ ಮಾಡಬೇಕೋ ಬೇಡವೋ ಅಂತ ತೀರ್ಮಾನವಾಗುತ್ತಿದ್ದ ಜಾಗ. ಇಂಥ ಪದ ಸಾಯಬಾರದಿತ್ತು. ಸತ್ತಿತು. ಇವತ್ತಿನ ಇಟಾಲಿಯನ್‌ನಲ್ಲಿ ಜನ ಆಡುವ ಮಾತಿನಲ್ಲಿ ಅದು ಇಲ್ಲವೇ ಇಲ್ಲ.

ಅದನ್ನು ಸೋಲಿಸಿದ್ದು ಬಾಣಸಿಗರು.

ಹೆಬ್ಬಾತುಗಳಿಗೆ ಬಲವಂತವಾಗಿ ತಿನ್ನಿಸಿ ಕೊಬ್ಬಿಸುವುದು ಈಜಿಪ್ಟ್‌ನಲ್ಲಿ ಬಹಳ ಹಳೆಯ ಪದ್ಧತಿ. ಸಕ್ಕಾರದ ಗೋರಿಗಳ ಗೋಡೆ ಮೇಲೆ ಅದರ ಚಿತ್ರಗಳಿವೆ, ನಾಲ್ಕು ಸಾವಿರ ವರ್ಷಕ್ಕಿಂತ ಹಿಂದಿನವು. ಗ್ರೀಕರು ಒಣ ಅಂಜೂರ ತಿನ್ನಿಸಿ ಬೆಳೆಸಿದ ಪ್ರಾಣಿಯ ಪಿತ್ತಜನಕಾಂಗವನ್ನು ವಿಶೇಷ ತಿನಿಸು ಅಂತ ಕಂಡರು. ಅವರ ಭಾಷೆಯಲ್ಲಿ ಅಂಜೂರಕ್ಕೆ ಸೂಕೊನ್. ಹಾಗಾಗಿ ಆ ತಿನಿಸಿನ ಹೆಸರು 'ಹೇಪರ್ ಸೂಕೋತೊನ್', ಅಂದರೆ ಅಂಜೂರ ಹಾಕಿ ಬೆಳೆಸಿದ ಪಿತ್ತಜನಕಾಂಗ. ರೋಮನ್ನರು ಗ್ರೀಕರಿಂದ ಅಡುಗೆ ಕಲಿತರು, ಅಡುಗೆಯ ಜೊತೆ ಹೆಸರನ್ನೂ ತಮ್ಮ ಭಾಷೆಗೆ ತಿರುಗಿಸಿಕೊಂಡರು. ಲ್ಯಾಟಿನ್‌ನಲ್ಲಿ ಅಂಜೂರ ಅಂದರೆ ಫೀಕುಸ್. ಅದರಿಂದ 'ಯೆಕುರ್ ಫೀಕಾತುಮ್'. (ಅರಳಿ, ಆಲ, ಅತ್ತಿ ಮೂರಕ್ಕೂ ಸಸ್ಯಶಾಸ್ತ್ರದ ಹೆಸರು ಫೈಕಸ್ ಅಂತಲೇ ಶುರುವಾಗುತ್ತಲ್ವಾ, ಅದೇ ಈ ಫೀಕುಸ್. ಎಲ್ಲವೂ ಅಂಜೂರದ ನೆಂಟರೇ.)

ಹೊರೇಸ್ ಕವಿ ತನ್ನ ವಿಡಂಬನೆಗಳ ಎರಡನೇ ಸಂಪುಟದ ಕೊನೆಯಲ್ಲಿ, ಕ್ರಿ.ಪೂ. 30ರ ಸುಮಾರಿಗೆ, ಒಬ್ಬ ಹೊಸ ಶ್ರೀಮಂತನ ಮನೆಯ ಔತಣ ವರ್ಣಿಸುತ್ತಾನೆ. ಆಳುಗಳು ಹೊತ್ತು ತರುವ ತಟ್ಟೆಗಳಲ್ಲಿ ಕೊಕ್ಕರೆ ಜಾತಿಯ ಹಕ್ಕಿಯ ತುಂಡುಗಳಿವೆ, ಮೊಲದ ಮುಂಗಾಲಿನ ಮಾಂಸ ಇದೆ, ಮತ್ತೆ 'ಕೊಬ್ಬಿದ ಅಂಜೂರ ತಿಂದ ಬಿಳಿ ಹೆಬ್ಬಾತಿನ ಯೆಕುರ್' ಇದೆ. ನೋಡಿ, ಎರಡು ಪದವೂ ಒಂದೇ ಸಾಲಿನಲ್ಲಿವೆ, ಅಂಜೂರ ಮತ್ತು ಯೆಕುರ್. ಇನ್ನೂ ಒಂದು ಇನ್ನೊಂದನ್ನು ನುಂಗಿಲ್ಲ.

ಸುಮಾರು ನೂರು ವರ್ಷದ ನಂತರ ಹಿರಿಯ ಪ್ಲಿನಿ, ವೆಸುವಿಯಸ್ ಜ್ವಾಲಾಮುಖಿಯ ಸ್ಫೋಟದಲ್ಲಿ ಸತ್ತನಲ್ಲ ಅವನೇ, ತನ್ನ ದೊಡ್ಡ ವಿಶ್ವಕೋಶದಲ್ಲಿ ಇದರ ಹಿಂದಿನ ಕ್ರೌರ್ಯವನ್ನು ಬರೆದಿಟ್ಟಿದ್ದಾನೆ. ಮಾರ್ಕಸ್ ಅಪಿಸಿಯಸ್ ಎಂಬ ಭೋಜನಪ್ರಿಯ ಹೆಬ್ಬಾತಿಗೆ ಮಾಡುತ್ತಿದ್ದುದನ್ನು ಹೆಣ್ಣು ಹಂದಿಗಳ ಮೇಲೂ ಮಾಡಿದನಂತೆ. ಒಣ ಅಂಜೂರ ತುರುಕಿ ತುರುಕಿ ಬೆಳೆಸೋದು. ಚೆನ್ನಾಗಿ ಕೊಬ್ಬಿದ ಮೇಲೆ ಜೇನು ಬೆರೆಸಿದ ದ್ರಾಕ್ಷಾರಸ ಕುಡಿಸೋದು. ಪ್ರಾಣಿ ಅಲ್ಲೇ ಸಾಯುತ್ತಿತ್ತು. ಇದನ್ನು ಓದುವಾಗ ಹೊಟ್ಟೆ ತೊಳಸಿದಂತಾಗುತ್ತದೆ. ರುಚಿಗೋಸ್ಕರ ಒಂದು ಜೀವದ ಅಂಗವನ್ನು ರೋಗ ಬರುವಷ್ಟು ಊದಿಸುವುದನ್ನು ನಾನು ಯಾವ ಕಾಲದ ನೆಪದಲ್ಲೂ ಒಪ್ಪಲಾರೆ. ಈ ಪದ್ಧತಿ ಇನ್ನೂ ಮುಗಿದಿಲ್ಲ, ಫ್ರಾನ್ಸ್‌ನ ಫ್ವಾ ಗ್ರಾ ಇದರ ಮುಂದುವರಿಕೆಯೇ, ಅಂಜೂರದ ಬದಲು ಈಗ ಮೆಕ್ಕೆಜೋಳ. ಭಾರತ 2014ರಲ್ಲಿ ಅದರ ಆಮದು ನಿಷೇಧಿಸಿತು. ಒಳ್ಳೆಯದೇ ಆಯಿತು.

ಈಗ ಪದದ ಕಡೆಗೆ ವಾಪಸ್ಸು. ಅಡುಗೆಮನೆಯಲ್ಲಿ ಯಾರೂ ಉದ್ದ ಹೆಸರು ಹೇಳುವುದಿಲ್ಲ. ಒಂದು ಕೈಯಲ್ಲಿ ಚಾಕು, ಇನ್ನೊಂದರಲ್ಲಿ ಮಾಂಸ, ಒಲೆ ಮೇಲೆ ಉರಿ. 'ಯೆಕುರ್ ಫೀಕಾತುಮ್ ತಾ' ಅನ್ನೋ ಬದಲು 'ಫೀಕಾತುಮ್ ತಾ' ಅಂದರೆ ಸಾಕಾಗುತ್ತಿತ್ತು. ನಾವು ಮೊಬೈಲ್ ಫೋನ್ ಅನ್ನೋದನ್ನು ಬರೀ ಮೊಬೈಲ್ ಮಾಡಿಕೊಂಡ ಹಾಗೆ. ಮುಖ್ಯ ಪದ ಬಿದ್ದುಹೋಯಿತು, ಅದರ ಗುಣ ಹೇಳುತ್ತಿದ್ದ ಪದ ಉಳಿಯಿತು. ಮೊದಲು ಅದು ಅಂಜೂರ ತಿಂದ ಪ್ರಾಣಿಯದಕ್ಕೆ ಮಾತ್ರ ಹೆಸರು. ಆಮೇಲೆ ಅಡುಗೆಗೆ ಬಂದ ಯಾವ ಪ್ರಾಣಿಯದಕ್ಕೂ ಅದೇ ಹೆಸರು. ಕೊನೆಗೆ ಬದುಕಿರುವ ಮನುಷ್ಯನ ಹೊಟ್ಟೆಯೊಳಗಿರುವ ಅಂಗಕ್ಕೂ ಅದೇ. ಒಂದು ಅಂಜೂರವನ್ನೂ ಮುಟ್ಟದ ಮನುಷ್ಯನಿಗೂ 'ಅಂಜೂರದ್ದು' ಅನ್ನುವ ಅಂಗ ಬಂದುಬಿಟ್ಟಿತು.

ಈ ದಾರಿಯ ನಡುವಿನ ಒಂದು ಹೆಜ್ಜೆ ನಮಗೆ ಕಾಣಸಿಗುತ್ತದೆ. ಅಪಿಸಿಯಸ್ ಹೆಸರಿನಲ್ಲಿ ಒಂದು ಅಡುಗೆ ಪುಸ್ತಕ ಉಳಿದುಬಂದಿದೆ, ಅವನು ಸತ್ತು ಎಷ್ಟೋ ತಲೆಮಾರು ಆದಮೇಲೆ ಒಟ್ಟುಮಾಡಿದ್ದು. ಅದರ ಏಳನೇ ಭಾಗದಲ್ಲಿ ಈ ತಿನಿಸಿಗೆ ತಲೆಬರಹವೇ 'ಫೀಕಾತುಮ್'. ಯೆಕುರ್ ಅಲ್ಲಿ ಕಾಣುವುದಿಲ್ಲ. ಒಂದು ವಿಧಾನ ಹೀಗಿದೆ: ಫೀಕಾತುಮ್ ಅನ್ನು ಜೊಂಡಿನ ಕಡ್ಡಿಯಿಂದ ಕುಯ್ಯಿ. ಮೀನಿನ ಉಪ್ಪು ರಸದಲ್ಲಿ ನೆನೆಹಾಕು. ಕಾಳುಮೆಣಸು, ಸೆಲರಿಯಂಥ ವಾಸನೆಯ ಒಂದು ಸೊಪ್ಪು, ಲಾರೆಲ್ ಗಿಡದ ಎರಡು ಹಣ್ಣು ಹಾಕು. ಹೊಟ್ಟೆಯೊಳಗಿನ ಬಲೆಯಂಥ ಕೊಬ್ಬಿನ ಪೊರೆಯಲ್ಲಿ ಸುತ್ತು. ಕಂಬಿ ಒಲೆಯ ಮೇಲೆ ಸುಟ್ಟು ಬಡಿಸು. ಆ ಕಾಳುಮೆಣಸು ಹೋಗುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯ ಮಲಬಾರ್ ಕಡೆಯಿಂದ, ಮುಂಗಾರು ಗಾಳಿ ಹಿಡಿದು ಬರುತ್ತಿದ್ದ ಹಡಗುಗಳಲ್ಲಿ. ಅಷ್ಟು ದುಡ್ಡು ಕೊಟ್ಟು ಬರೀ ಖಾರಕ್ಕೋಸ್ಕರ ಇದನ್ನು ಯಾಕೆ ತರಿಸುತ್ತಾರೋ ಅಂತ ಪ್ಲಿನಿ ಗೊಣಗಿದ್ದೂ ಇದೆ. ಬಾಣಸಿಗರು ಅವನ ಮಾತು ಕೇಳಿದಂತಿಲ್ಲ.

ಹೀಗೆ ಬಾಲ ಉಳಿದು ತಲೆ ಬಿದ್ದುಹೋದ ಪದಗಳು ಇಟಾಲಿಯನ್‌ನಲ್ಲಿ ರಾಶಿ ರಾಶಿ ಇವೆ. ಒಂದು ಸಲ ಗುಟ್ಟು ಗೊತ್ತಾದರೆ ಎಲ್ಲೆಲ್ಲೂ ಕಾಣಿಸತೊಡಗುತ್ತವೆ. ಚೀಸ್‌ಗೆ ಫೊರ್ಮಾಜ್ಜೊ ಅಂತಾರೆ. ಮೊದಲು ಅದು 'ಅಚ್ಚಿನಲ್ಲಿ ಹಾಕಿದ ಚೀಸ್', ಅಚ್ಚಿಗೆ ಫೊರ್ಮಾ. ಚೀಸ್ ಬಿದ್ದುಹೋಗಿ ಅಚ್ಚು ಉಳಿಯಿತು. ಪೀಚ್ ಹಣ್ಣಿಗೆ ಪೆಸ್ಕಾ, 'ಪರ್ಷಿಯಾದ ಸೇಬು' ಅನ್ನೋದರಲ್ಲಿ ಸೇಬು ಹೋಗಿ ಪರ್ಷಿಯಾ ಉಳಿದದ್ದು. ಕಾಡುಹಂದಿಗೆ ಚಿಂಗ್ಯಾಲೆ, 'ಒಂಟಿ ಹಂದಿ'ಯಲ್ಲಿ ಒಂಟಿತನ ಮಾತ್ರ ಉಳಿದದ್ದು. ಸ್ತ್ರಾದಾ ಅಂದರೆ ರಸ್ತೆ. ಕಲ್ಲು ಹಾಸಿದ ದಾರಿ ಅನ್ನೋದರಲ್ಲಿ ದಾರಿ ಕಳೆದು ಹಾಸು ಉಳಿಯಿತು.

ಕನ್ನಡದಲ್ಲೂ ಇದಕ್ಕೆ ಹತ್ತಿರದ ಒಂದು ಕಥೆ ಇದೆ. ಎಣ್ಣೆ ಅನ್ನೋದು ಎಳ್ಳು ಮತ್ತು ನೆಯ್ ಸೇರಿ ಆದ ಪದ. ಮೊದಲಿಗೆ ಅದು ಎಳ್ಳಿನದ್ದು ಮಾತ್ರ. ಈಗ ತೆಂಗಿನೆಣ್ಣೆ, ಕಡಲೆಕಾಯಿ ಎಣ್ಣೆ, ಸೀಮೆಎಣ್ಣೆ, ಎಲ್ಲದರೊಳಗೂ ಆ ಎಳ್ಳು ಕೂತಿದೆ. ಇಟಾಲಿಯನ್ನರ ಓಲಿಯೊ ಕೂಡ ಹಾಗೇ, ಅದು ಹುಟ್ಟಿದ್ದು ಆಲಿವ್‌ನಿಂದ, ಈಗ ಕಾರಿನ ಇಂಜಿನ್‌ಗೆ ಹಾಕುವುದೂ ಓಲಿಯೊ. ಅವರಿಗೆ ಆಲಿವ್, ನಮಗೆ ಎಳ್ಳು. ಯಾವ ಊರಿನಲ್ಲಿ ಏನು ಹಿಂಡುತ್ತಿದ್ದರೋ ಅದು ಪದದೊಳಗೆ ಸೇರಿಕೊಂಡಿತು.

ಫೇಗತೊ ಕಥೆಯಲ್ಲಿ ವಿದ್ವಾಂಸರು ಇವತ್ತಿಗೂ ಜಗ್ಗಾಡುವ ಒಂದು ಗಂಟು ಇದೆ. ಲ್ಯಾಟಿನ್‌ನ ಫೀಕಾತುಮ್‌ನಲ್ಲಿ ಒತ್ತು ಬೀಳುವುದು ನಡುವಿನ 'ಕಾ' ಮೇಲೆ. ಆ ಲೆಕ್ಕದಲ್ಲಿ ಇಟಾಲಿಯನ್‌ನಲ್ಲಿ ಅದು 'ಫಿಗಾತೊ' ತರಹ ಏನೋ ಆಗಬೇಕಿತ್ತು. ಆದರೆ ಇಟಾಲಿಯನ್ನರು ಒತ್ತಿ ಹೇಳುವುದು ಮೊದಲ 'ಫೇ'ಯನ್ನು. ಒತ್ತು ಯಾಕೆ ಹಿಂದಕ್ಕೆ ಹಾರಿತು? ಬಹಳ ಜನ ಒಪ್ಪುವ ವಿವರಣೆ ಏನೆಂದರೆ, ಗ್ರೀಕ್ ಸೂಕೋತೊನ್ ಪದದ ಉಚ್ಚಾರಣೆ ಬಾಯಿಂದ ಬಾಯಿಗೆ ಹೋಗುತ್ತಾ ಲ್ಯಾಟಿನ್ ಪದದ ಮೇಲೆ ತನ್ನ ತಾಳ ಹೊರಿಸಿತು. ಅಂದರೆ ರೋಮ್‌ನ ಅಡುಗೆಮನೆಯಲ್ಲಿ ಗ್ರೀಕ್ ಮಾತಾಡುವ ಬಾಣಸಿಗ ಮತ್ತು ಲ್ಯಾಟಿನ್ ಮಾತಾಡುವ ಆಳು ಒಂದೇ ವಸ್ತುವಿಗೆ ಎರಡು ಹೆಸರು ಹೇಳುತ್ತಾ ಹೇಳುತ್ತಾ ಪದ ಬೆರಕೆಯಾಯಿತು. ನನಗೆ ಈ ವಿವರಣೆ ಸರಿ ಅನ್ನಿಸುತ್ತದೆ. ರೋಮ್‌ನ ಶ್ರೀಮಂತರ ಮನೆಗಳಲ್ಲಿ ಗ್ರೀಕ್ ಮಾತಾಡುವ ಗುಲಾಮರು ತುಂಬಾ ಇದ್ದರು, ಅಡುಗೆಯ ಪದಗಳಲ್ಲಿ ಅವರ ನಾಲಿಗೆ ಉಳಿಯದಿದ್ದರೇ ಆಶ್ಚರ್ಯ.

ಒತ್ತು ಹಾರದ ಊರುಗಳೂ ಇವೆ. ವೆನಿಸ್‌ನವರು ತಮ್ಮ ಮಾತಿನಲ್ಲಿ 'ಫಿಗಾ' ಅಂತ ಕೊನೆಯ ಅಕ್ಷರ ಒತ್ತುತ್ತಾರೆ. ರೊಮೇನಿಯಾದವರು 'ಫಿಕಾತ್'. ಅವರೆಲ್ಲ ಹಳೆಯ ಲ್ಯಾಟಿನ್ ತಾಳವನ್ನೇ ಉಳಿಸಿಕೊಂಡರು. ಸ್ಪ್ಯಾನಿಷ್‌ನಲ್ಲಿ ಈಗಾದೊ, ಪೋರ್ಚುಗೀಸ್‌ನಲ್ಲಿ ಫೀಗಾದು, ಇವೆರಡರಲ್ಲೂ ಒತ್ತು ಮೊದಲಿಗೆ. ಸ್ಪ್ಯಾನಿಷ್‌ನವರು ಅಂಜೂರಕ್ಕೆ ಈಗೊ ಅಂತಾರೆ, ಹಾಗಾಗಿ ಅವರ ಕಿವಿಗೆ ಈಗೊ ಮತ್ತು ಈಗಾದೊ ಇವತ್ತಿಗೂ ಅಕ್ಕಪಕ್ಕದ ಮನೆಯವರ ಹಾಗೆ ಕೇಳಿಸಬೇಕು. ಫ್ರೆಂಚ್‌ನವರ ಬಾಯಲ್ಲಿ ಪದ ಸವೆದು ಸವೆದು ಬರೀ 'ಫ್ವಾ' ಆಗಿದೆ. ಫ್ವಾ ಗ್ರಾ ಅಂದರೆ ಕೊಬ್ಬಿದ ಪಿತ್ತಜನಕಾಂಗ. ಕೊಬ್ಬಿಸಿದ್ದು ಅನ್ನೋದು ಫ್ವಾ ಅನ್ನುವುದರೊಳಗೇ ಮೊದಲೇ ಇತ್ತು, ಅದು ಮರೆತುಹೋದ್ದರಿಂದ ಮತ್ತೊಮ್ಮೆ ಹೇಳಬೇಕಾಯಿತು.

ಇದಕ್ಕಿಂತ ಸೊಗಸಾದದ್ದು ಗ್ರೀಸ್‌ನಲ್ಲಿ ಆಯಿತು. ಹೇಪರ್ ಅನ್ನುವ ಪುರಾತನ ಪದ ಇದ್ದ ಭಾಷೆ ಅದು. ಗ್ರೀಕ್ ಪುರಾಣದಲ್ಲಿ ಪ್ರೊಮೀಥಿಯಸ್‌ನನ್ನು ಬಂಡೆಗೆ ಕಟ್ಟಿ ಹದ್ದು ಬಿಟ್ಟು ತಿನ್ನಿಸಿದ್ದು ಅದನ್ನೇ. ಅಲ್ಲೂ ಜನರ ಮಾತಿನಲ್ಲಿ ಆ ಪದ ನಿಲ್ಲಲಿಲ್ಲ. ಇವತ್ತಿನ ಗ್ರೀಕರು ಪಿತ್ತಜನಕಾಂಗಕ್ಕೆ ಸಿಕೋತಿ ಅಂತಾರೆ, ಅಂದರೆ ಆ ಹಳೆಯ ಸೂಕೋತೊನ್, ಅಂಜೂರದ್ದು. ಎರಡು ದೊಡ್ಡ ಭಾಷೆಗಳಲ್ಲಿ ದೇವರು ಮತ್ತು ಕಾವ್ಯದ ಪದ ಸೋತು ಅಡುಗೆಯ ಪದ ಗೆದ್ದಿತು.

ಸೋತ ಪದಗಳು ಹೋಗಿ ಕೂತದ್ದು ವೈದ್ಯರ ಹತ್ತಿರ. ಇಟಾಲಿಯನ್ ಡಾಕ್ಟರ್ ಬರೆಯುವ ಚೀಟಿಯಲ್ಲಿ ಎಪಾಟಿಕೊ, ಎಪಾಟೀತೆ ಇರುತ್ತದೆ, ಅದು ಗ್ರೀಕ್ ಹೇಪರ್‌ನದ್ದು. ಯೆಕುರ್‌ಗೆ ಅಷ್ಟು ಅದೃಷ್ಟ ಇರಲಿಲ್ಲ. ಅದು ಕಡೆಗೆ ಉಳಿದದ್ದು ಔಷಧಿ ಅಂಗಡಿಯ ಶೀಶೆಯ ಮೇಲೆ. ಕಾಡ್ ಲಿವರ್ ಆಯಿಲ್ ಇದೆಯಲ್ಲ, ಅದಕ್ಕೆ ಹಳೆಯ ಔಷಧಿ ಗ್ರಂಥಗಳಲ್ಲಿ ಲ್ಯಾಟಿನ್ ಹೆಸರು 'ಓಲೆಯುಮ್ ಯೆಕೊರಿಸ್ ಅಸೆಲ್ಲಿ'. ದೇವರ ಇಚ್ಛೆ ಓದುತ್ತಿದ್ದ ಪದ ಮೀನೆಣ್ಣೆ ಬಾಟಲಿಯ ಚೀಟಿಗೆ ಬಂದು ನಿಂತಿತು. ನನಗೆ ಈ ಪದದ ಬಗ್ಗೆ ನಿಜವಾಗಿಯೂ ಮರುಕ ಇದೆ. ಅದರ ಅಕ್ಕ ಯಕೃತ್ ಮಾತ್ರ ನಮ್ಮ ಕಡೆ ಚೆನ್ನಾಗಿದ್ದಾಳೆ. ಆಡುಮಾತಿನಲ್ಲಿ ಎಲ್ಲರೂ ಲಿವರ್ ಅಂದರೂ, ಆಯುರ್ವೇದದ ಪುಸ್ತಕದಲ್ಲಿ, ಪಾಠದಲ್ಲಿ, ಪತ್ರಿಕೆಯ ಆರೋಗ್ಯ ಪುಟದಲ್ಲಿ ಅವಳಿಗೆ ಜಾಗ ಇದೆ.

ಇನ್ನು ಧೈರ್ಯದ ಮಾತು. 'ಅವೇರೆ ಫೇಗತೊ', ಅಂದರೆ ಪಿತ್ತಜನಕಾಂಗ ಇರೋದು, ಇಟಾಲಿಯನ್‌ನಲ್ಲಿ ಎದೆಗಾರಿಕೆ ಇರೋದು ಅಂತ ಅರ್ಥ. ನಾವು ಗುಂಡಿಗೆ ಅನ್ನುವ ಜಾಗದಲ್ಲಿ ಅವರದ್ದು ಸ್ವಲ್ಪ ಕೆಳಗೆ. ಅಪಾಯಕ್ಕೆ ಎದೆಯೊಡ್ಡುವವನಿಗೆ ಫೇಗತಾಚ್ಚೊ ಅಂತಾನೂ ಹೇಳುತ್ತಾರೆ. ಆದರೆ ಅದೇ ಅಂಗದಲ್ಲಿ ಸಿಟ್ಟು, ಹೊಟ್ಟೆಕಿಚ್ಚೂ ಇವೆ. 'ರೋದೆರ್ಸಿ ಇಲ್ ಫೇಗತೊ' ಅಂದರೆ ತನ್ನ ಪಿತ್ತಜನಕಾಂಗವನ್ನು ತಾನೇ ಕಚ್ಚಿ ಕಚ್ಚಿ ತಿನ್ನೋದು. ಪಕ್ಕದವನಿಗೆ ಪ್ರಮೋಷನ್ ಸಿಕ್ಕಿ ತನಗೆ ಸಿಗದಿದ್ದಾಗ ಇಟಾಲಿಯನ್ನರು ಮಾಡೋದು ಇದನ್ನೇ. ನಾವು ಹೊಟ್ಟೆ ಉರ್ಕೊಳ್ಳೋದು.

ಇದು ಹೊಸದಾಗಿ ಹುಟ್ಟಿದ್ದಲ್ಲ. ಪದ ಬದಲಾದರೂ ಅದರ ಭಾವ ಹಾಗೇ ದಾಟಿ ಬಂದಿದೆ. ಜುವೆನಲ್ ಕವಿ ರೋಮ್‌ನ ಅನ್ಯಾಯ ಕಂಡು 'ನನ್ನ ಒಣಗಿದ ಯೆಕುರ್ ಎಷ್ಟು ಸಿಟ್ಟಿನಿಂದ ಉರಿಯುತ್ತಿದೆ ಅಂತ ಏನು ಹೇಳಲಿ' ಅಂದ. ಹೊರೇಸ್, ತಾನು ಪ್ರೀತಿಸಿದವಳು ಇನ್ನೊಬ್ಬನನ್ನು ಹೊಗಳಿದಾಗ ತನ್ನ ಯೆಕುರ್ ಪಿತ್ತದಿಂದ ಕುದಿದು ಊದುತ್ತದೆ ಅಂದ. ವೈದ್ಯ ಗೇಲನ್ ರಕ್ತ ಹುಟ್ಟುವುದೇ ಅಲ್ಲಿ ಅಂತ ಕಲಿಸಿದ. 1628ರಲ್ಲಿ ವಿಲಿಯಂ ಹಾರ್ವಿ ರಕ್ತಪರಿಚಲನೆಯನ್ನು ತೋರಿಸಿಕೊಡುವ ತನಕ ಯೂರೋಪಿನಲ್ಲಿ ನಡೆದದ್ದು ಆ ಪಾಠವೇ. ರಕ್ತದ ತವರು ಅಂದಮೇಲೆ ಧೈರ್ಯದ ತವರೂ ಅದೇ ಆಗೋದು ಸಹಜ ಅಲ್ವಾ. ಪರ್ಷಿಯನ್ ಮತ್ತು ಉರ್ದುವಿನಲ್ಲೂ ಜಿಗರ್ ಅಂದರೆ ಧೈರ್ಯ. ಯೆಕುರ್ ಸತ್ತರೂ ಅದರ ಸಿಟ್ಟು ಮತ್ತು ಕೆಚ್ಚನ್ನು ಫೇಗತೊ ಹೊತ್ತುಕೊಂಡಿತು. ಅಡುಗೆಮನೆಯಿಂದ ಬಂದ ಪದಕ್ಕೆ ಇಷ್ಟು ಭಾರ ಹೊರುವ ತಾಕತ್ತು ಬಂದದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ಮಾತು ಉಳಿಸೋದು ಅದನ್ನು ದಿನಾ ಬಳಸುವ ಕೈಗಳು ಅಂತ ನಾನು ಬಲವಾಗಿ ನಂಬಿದ್ದೇನೆ. ಕನ್ನಡದ ಪದಗಳ ಬಗ್ಗೆ ಚರ್ಚೆ ಬಂದಾಗಲೆಲ್ಲ ನನ್ನ ಮನಸ್ಸಿಗೆ ಬರೋದು ಆ ರೋಮ್‌ನ ಆಳುಗಳು, ಅವರ ಹೆಸರು ಎಲ್ಲೂ ದಾಖಲಾಗಿಲ್ಲ, ಅವರು ಆಡಿದ ಪದ ಮಾತ್ರ ಐದಾರು ದೇಶಗಳ ನಿಘಂಟಿನಲ್ಲಿದೆ.

ಅಂಗಡಿ, ಹೋಟೆಲುಗಳಲ್ಲಿ ಫೇಗತೊ ಇವತ್ತಿಗೂ ಜೋರಾಗಿದೆ. ವೆನಿಸ್‌ನವರದು ಕರುವಿನದು, ತೆಳ್ಳಗೆ ಕುಯ್ದು, ಬಿಳಿ ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಅನ್ನಿಸುವಷ್ಟು ನಿಧಾನವಾಗಿ ಬಾಡಿಸಿ, ಅದು ಸಿಹಿಯಾದ ಮೇಲೆ ಕೊನೆಯಲ್ಲಿ ಮಾಂಸ ಹಾಕಿ ಎರಡೇ ನಿಮಿಷ ತಿರುವೋದು. ಜೊತೆಗೆ ಮೆಕ್ಕೆಜೋಳದ ಹಿಟ್ಟಿನ ಪೊಲೆಂತಾ. ಟಸ್ಕನಿಯಲ್ಲಿ ಫೇಗತೆಲ್ಲಿ ಅಂತ ಮಾಡುತ್ತಾರೆ: ಹಂದಿಯದನ್ನು ತುಂಡು ಮಾಡಿ, ಕಾಡು ಸೋಂಪು ಮತ್ತು ಲಾರೆಲ್ ಎಲೆ ಇಟ್ಟು, ಬಲೆಯಂಥ ಕೊಬ್ಬಿನ ಪೊರೆಯಲ್ಲಿ ಸುತ್ತಿ ಸುಡೋದು. ಅಪಿಸಿಯಸ್ ಪುಸ್ತಕದ ವಿಧಾನ ಇನ್ನೊಂದು ಸಲ ಓದಿ ನೋಡಿ. ಅದೇ ಪೊರೆ, ಅದೇ ಲಾರೆಲ್, ಅದೇ ಸುಡುವ ಕಂಬಿ.

ಮಾಂಸ ತಿನ್ನದವರಿಗೂ ಒಂದು ಫೇಗತೊ ಇದೆ, ಸಿಸಿಲಿಯ ಪಲೆರ್ಮೊದಲ್ಲಿ. ಅಲ್ಲಿನ ಮಾತಿನಲ್ಲಿ 'ಫೀಕತು ರಿ ಸೆತ್ತಿ ಕನ್ನೊಲಾ', ಏಳು ನಳಿಗೆಯ ಫೇಗತೊ. ಶ್ರೀಮಂತರ ಮನೆಯಿಂದ ಬರುತ್ತಿದ್ದ ಹುಳಿ-ಸಿಹಿ ಫೇಗತೊ ವಾಸನೆ ಕುಡಿದು, ಕೊಳ್ಳಲು ದುಡ್ಡಿಲ್ಲದ ತರಕಾರಿ ಮಾರುವವರು ಸಿಹಿಗುಂಬಳದಲ್ಲಿ ಅದನ್ನೇ ಮಾಡಿದರು ಅಂತ ಊರವರು ಹೇಳುತ್ತಾರೆ. ಅವರು ಕೂರುತ್ತಿದ್ದ ವುಚ್ಚಿರಿಯಾ ಮಾರುಕಟ್ಟೆಯ ಕಾರಂಜಿಗೆ ಏಳು ನಳಿಗೆ ಇತ್ತಂತೆ, ಅದಕ್ಕೇ ಆ ಹೆಸರು. ಮಾಡೋದು ಸುಲಭ. ಸಿಹಿಗುಂಬಳದ ಸಿಪ್ಪೆ ತೆಗೆದು ಬೆರಳಿನ ಅರ್ಧ ದಪ್ಪಕ್ಕೆ ಹೋಳು ಮಾಡಿ. ಆಲಿವ್ ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ ಹಾಕಿ, ಅದು ಕೆಂಪಾದ ಮೇಲೆ ತೆಗೆದು, ಹೋಳುಗಳನ್ನು ಎರಡೂ ಕಡೆ ಕಂದು ಬರುವ ತನಕ ಕಾಯಿಸಿ. ಅದೇ ಬಾಣಲೆಗೆ ವಿನೆಗರ್ ಮತ್ತು ಸಕ್ಕರೆ ಹಾಕಿ ಒಂದು ಕುದಿ ಬರಿಸಿ ಮೇಲೆ ಸುರಿಯಿರಿ, ಉಪ್ಪು, ಕಾಳುಮೆಣಸಿನ ಪುಡಿ ಉದುರಿಸಿ, ಪುದೀನ ಎಲೆ ಹರಿದು ಹಾಕಿ. ಬಿಸಿ ಇರುವಾಗ ತಿನ್ನಬೇಡಿ. ಒಂದು ರಾತ್ರಿ ಹಾಗೇ ಬಿಟ್ಟರೆ ಹುಳಿ ಒಳಗೆ ಇಳಿದು ಮಾರನೇ ದಿನ ರುಚಿ ಜಾಸ್ತಿ.